ಹುಣಸೆಮರ ಮತ್ತು ಗಂಡಿಪೇಟೆ

ಏನೂ ನೋವಿಲ್ಲದ ಮನುಷ್ಯನೊಬ್ಬ ದಿನಾ ಬೆಳಗ್ಗೆ ತಪ್ಪದೆ ಔಷಧಿ ನುಂಗುವುದು ತೀರ ಇತ್ತೀಚಿನ ಸಂಗತಿ. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ನೋವಿಗೂ ಔಷಧಿಗೂ ನೇರ ಲೆಕ್ಕವಿತ್ತು. ಜ್ವರ ಬಂದರೆ ಕಷಾಯ, ಜ್ವರ ಬಿಟ್ಟರೆ ಕಷಾಯವನ್ನೂ ಬಿಡುವುದು. ಗುಣವಾಯಿತೋ ಇಲ್ಲವೋ ಎಂದು ಹೇಳುವ ಅಧಿಕಾರ ಮಲಗಿದವನದೇ ಆಗಿತ್ತು. ಇವತ್ತು ಹೈಟೆಕ್ ಸಿಟಿಯ ಯಾವುದೇ ಆಫೀಸಿನ ಕ್ಯಾಂಟೀನಿಗೆ ಹೋಗಿ ನೋಡಿ. ನಲವತ್ತು ದಾಟಿದವರ ಊಟದ ಡಬ್ಬಿಯ ಪಕ್ಕ ಇನ್ನೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ವಾರದ ಏಳು ದಿನಕ್ಕೆ ಏಳು ಗೂಡು. ಬಿಪಿಗೆ ಒಂದು, ಶುಗರ್‌ಗೆ ಒಂದು, ಕೊಲೆಸ್ಟರಾಲ್‌ಗೆ ಒಂದು. ನನ್ನ ಬ್ಯಾಗಿನಲ್ಲೂ ಅಂಥದ್ದೊಂದಿದೆ. ನಮ್ಮಲ್ಲಿ ಯಾರಿಗೂ ಎಲ್ಲೂ ನೋಯುತ್ತಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ ಎಂದು ನಮಗೆ ಗೊತ್ತಾಗುವುದು ಹೇಗೆ? ಗೊತ್ತಾಗುವುದೇ ಇಲ್ಲ ಎಂದಾದರೆ ಯಾವ ನಂಬಿಕೆಯ ಮೇಲೆ ನುಂಗುತ್ತಿದ್ದೇವೆ?

ಈ ಪ್ರಶ್ನೆಯನ್ನು ನನ್ನೆದುರು ಸೀದಾ ಇಟ್ಟವರು ನಮ್ಮ ಕಾಕಾ. ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಬೆಳೆಯುವ ಸಣ್ಣ ರೈತ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ, ಎರಡು ವರ್ಷದ ಹಿಂದೆ ಒಂದು ಸಣ್ಣ ಹಾರ್ಟ್ ಅಟ್ಯಾಕ್. ನಮ್ಮ ಭಾಗದವರಿಗೆಲ್ಲ ದೊಡ್ಡಾಸ್ಪತ್ರೆ ಎಂದರೆ ಹೈದರಾಬಾದೇ ಆದ್ದರಿಂದ ಚಿಕಿತ್ಸೆಗೆ ಇಲ್ಲಿಗೇ ಬಂದಿದ್ದರು. ಡಾಕ್ಟರ್ ಐದು ಮಾತ್ರೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಆರಾಮ ಎನಿಸಿತು, ಐದು ಎರಡಾಯಿತು, ಆಮೇಲೆ ಅದೂ ನಿಂತಿತು. ನನ್ನ ತಮ್ಮ, ಅಂದರೆ ಕಾಕಾನ ಮಗ, ಗುಳಿಗಿ ತಗೊಂಡರೆ ನೂರು ವರ್ಷ ಇರುತ್ತೀರಿ, ಏನೂ ಆಗುವುದಿಲ್ಲ ಎಂದು ಪುಸಲಾಯಿಸಿ ನೋಡಿದ. ಕಾಕಾ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ತಮ್ಮಾ, ನೀ ಓದಿದಾಂವ. ಈ ಗುಳಿಗಿ ನುಂಗಿದ್ರ ನಂಗ ಏನೂ ಆಗಂಗಿಲ್ಲ ಅಂತ ಬರದು ಕೊಡ್ತೀಯೇನು?"

"ಇಲ್ಲ ಕಾಕಾ, ಹಂಗ ಯಾರೂ ಬರದು ಕೊಡಲಿಕ್ಕೆ ಆಗಲ್ಲ."

"ನುಂಗಲಿಲ್ಲಂದ್ರ ಸಾಯ್ತೀನಿ ಅಂತರೆ ಬರದು ಕೊಡ್ತೀಯೇನು?"

ಅದೂ ಸಾಧ್ಯವಿರಲಿಲ್ಲ. ನನ್ನ ತಮ್ಮನ ಮಾತಿನ ಹಿಂದೆ ಪ್ರೀತಿ ಇತ್ತು, ಆದರೆ ಅದು ನಿಜವಲ್ಲ. ನನ್ನ ಉತ್ತರ ನಿಜ, ಆದರೆ ಅದರಿಂದ ಕಾಕಾ ಮಾತ್ರೆ ನುಂಗುವ ಲಕ್ಷಣವೇನೂ ಕಾಣಲಿಲ್ಲ. ಮನೆಯಲ್ಲಿ ಹಿರಿಯರಿರುವ, ದೂರದ ಊರಿಂದ ಫೋನಿನಲ್ಲಿ "ಮಾತ್ರೆ ತಗೊಂಡ್ರಾ?" ಎಂದು ಕೇಳುವ ನಮ್ಮಲ್ಲಿ ಹೆಚ್ಚಿನವರ ಇಕ್ಕಟ್ಟು ಇದೇ. ಸುಳ್ಳು ಹೇಳದೆ, ಹೆದರಿಸದೆ, ಒಬ್ಬರಿಗೆ ಈ ಮಾತ್ರೆಯನ್ನು ಯಾಕೆ ನುಂಗಬೇಕೆಂದು ಹೇಳಲು ಸಾಧ್ಯವೇ? ನಾನು ವೈದ್ಯನಲ್ಲ. ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಅಪಾಯದ ಪಟ್ಟಿ ಬರೆಯುವುದು ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ಯಾವ ಮಾತ್ರೆ ತಗೊಳ್ಳಬೇಕೆಂಬ ಸಲಹೆಯಲ್ಲ. ಮಾತ್ರೆಯ ಹಿಂದಿರುವ ಮಾತು ಎಂಥದ್ದು ಎಂಬ ವಿಚಾರ.

ಮೊದಲು ಕಾಯಿಲೆಯ ಸ್ವಭಾವ. ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ರಕ್ತದೊತ್ತಡ ಹೆಚ್ಚಿದ್ದರೆ ಪ್ರತಿ ಬಡಿತಕ್ಕೂ ಎಡಗಡೆಯ ಕೆಳಕೋಣೆ ಹೆಚ್ಚಿನ ಬಲ ಹಾಕಿ ರಕ್ತ ನೂಕಬೇಕು. ಮೂಟೆ ಹೊತ್ತ ಹಮಾಲನ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ. ತೋಳು ದಪ್ಪವಾದರೆ ಲಾಭ, ಹೃದಯದ ಗೋಡೆ ದಪ್ಪವಾದರೆ ನಷ್ಟ. ಅದು ಬಿಗಿಯಾಗಿ, ಸಡಿಲಗೊಂಡು ರಕ್ತ ತುಂಬಿಕೊಳ್ಳುವುದೇ ಕಷ್ಟವಾಗುತ್ತದೆ. ಸಕ್ಕರೆ ಬೇರೆ ದಾರಿಯಿಂದ ಬರುತ್ತದೆ. ಸಣ್ಣ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ, ಹೃದಯದ ಸ್ನಾಯುವಿನ ನಡುವೆ ನಾರು ಬೆಳೆಸುತ್ತದೆ. 1972ರಲ್ಲಿ ರೂಬ್ಲರ್ ಮತ್ತು ಸಂಗಡಿಗರು ನಾಲ್ವರು ಮಧುಮೇಹಿಗಳ ಶವಪರೀಕ್ಷೆಯ ವಿವರ ಪ್ರಕಟಿಸಿದರು. ದೊಡ್ಡ ರಕ್ತನಾಳಗಳಲ್ಲಿ ಹೇಳಿಕೊಳ್ಳುವಂಥ ಅಡಚಣೆ ಇಲ್ಲದೆಯೂ ಅವರ ಹೃದಯಗಳು ಸೋತಿದ್ದವು. ಎರಡು ವರ್ಷದ ಬಳಿಕ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿತು. ಮಧುಮೇಹವಿದ್ದ ಗಂಡಸರಲ್ಲಿ ಹೃದಯ ಸೋಲುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಲ್ಲಿ ಸುಮಾರು ಐದು ಪಟ್ಟು.

ಇದೆಲ್ಲ ನಡೆಯುವುದು ಹತ್ತಾರು ವರ್ಷ, ಸದ್ದಿಲ್ಲದೆ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವ ಹೊತ್ತಿಗೆ ಕೆಲಸ ಬಹುಪಾಲು ಮುಗಿದಿರುತ್ತದೆ. ಅಂದರೆ "ನನಗೇನೂ ತ್ರಾಸಿಲ್ಲ" ಎಂಬ ಮಾತು ಇಲ್ಲಿ ಪ್ರಾಮಾಣಿಕವಾದದ್ದು, ಆದರೆ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಹಾಗಾದರೆ ಸಾಕ್ಷಿ ಯಾರು?

ಸಾಕ್ಷಿ ಸಂಖ್ಯೆ. ಒಂದು ಉದಾಹರಣೆ ಸಾಕು. ಕಾಕಾನ ಐದು ಮಾತ್ರೆಗಳಲ್ಲಿ ಒಂದು ಎಂಪಾಗ್ಲಿಫ್ಲೋಜಿನ್. ಈ ಜಾತಿಯ ಮಾತ್ರೆಗಳ ಮೂಲ 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಬೇರ್ಪಡಿಸಿದ ಒಂದು ಕಹಿ ವಸ್ತು. ಮೂತ್ರಪಿಂಡ ದಿನವೂ ರಕ್ತದಿಂದ ಸೋಸಿದ ಸಕ್ಕರೆಯನ್ನು ಪುನಃ ಒಳಗೆ ಎಳೆದುಕೊಳ್ಳುತ್ತದೆ. ಈ ಮಾತ್ರೆ ಆ ಎಳೆತವನ್ನು ತಡೆದು ಒಂದಷ್ಟು ಸಕ್ಕರೆಯನ್ನು ಮೂತ್ರದಲ್ಲಿ ಹೋಗಲು ಬಿಡುತ್ತದೆ. ಹೃದಯಕ್ಕೂ ಇದಕ್ಕೂ ಏನು ಸಂಬಂಧ? ಹುಡುಕಿದವರಿಗೂ ಅಂಥ ನಿರೀಕ್ಷೆ ಇರಲಿಲ್ಲ. ರೋಸಿಗ್ಲಿಟಾಜೋನ್ ಎಂಬ ಮಧುಮೇಹದ ಮಾತ್ರೆಯಿಂದ ಹೃದಯಾಘಾತ ಹೆಚ್ಚುತ್ತಿದೆ ಎಂಬ ಸಂದೇಹ 2007ರಲ್ಲಿ ಎದ್ದಿತು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸಕ್ಕರೆಯ ಹೊಸ ಮಾತ್ರೆಗಳೆಲ್ಲ ಹೃದಯಕ್ಕೆ ಕೇಡು ಮಾಡುವುದಿಲ್ಲವೆಂದು ತೋರಿಸಬೇಕೆಂದರು. ಹೀಗೆ ಕೇಡಿದೆಯೇ ಎಂದು ನೋಡಲು ನಡೆದ ಪರೀಕ್ಷೆಯಲ್ಲಿ ಉಪಕಾರ ಸಿಕ್ಕಿತು. ಮಧುಮೇಹದ ಜೊತೆಗೆ ಈಗಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದ 7,020 ಜನ, 42 ದೇಶ, ಸುಮಾರು ಮೂರು ವರ್ಷ. ಫಲಿತಾಂಶ ಬಂದದ್ದು 2015ರಲ್ಲಿ. ಎಂದಿನ ಚಿಕಿತ್ಸೆಯ ಜೊತೆ ಬರೀ ಹುಸಿ ಮಾತ್ರೆ ಪಡೆದವರಲ್ಲಿ ನೂರಕ್ಕೆ 8.3 ಜನ ತೀರಿಕೊಂಡಿದ್ದರು, ನಿಜವಾದ ಮಾತ್ರೆ ಪಡೆದವರಲ್ಲಿ 5.7. ಹೃದಯ ಸೋತು ಆಸ್ಪತ್ರೆ ಸೇರುವುದು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಸಂಶೋಧಕರೇ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಿದರು: ಇಂಥ 39 ಜನ ಮೂರು ವರ್ಷ ಮಾತ್ರೆ ನುಂಗಿದರೆ ಒಂದು ಸಾವು ತಪ್ಪುತ್ತದೆ.

ಈ 39ನ್ನು ಬಿಡಿಸಿ ನೋಡಿ. ಅವರಲ್ಲಿ ಸುಮಾರು 36 ಜನ ಮಾತ್ರೆ ಇಲ್ಲದಿದ್ದರೂ ಮೂರು ವರ್ಷ ಬದುಕಿರುತ್ತಿದ್ದರು. ಇಬ್ಬರು ಮಾತ್ರೆ ನುಂಗಿಯೂ ತೀರಿಕೊಳ್ಳುತ್ತಾರೆ. ಒಬ್ಬ ಮಾತ್ರೆಯಿಂದ ಉಳಿಯುತ್ತಾನೆ. ವೈದ್ಯಶಾಸ್ತ್ರದ ಮಟ್ಟಿಗೆ ಇದು ದೊಡ್ಡ ಗೆಲುವು. ಆದರೆ ಆ ಒಬ್ಬ ಯಾರು? ವೈದ್ಯರಿಗೆ ಗೊತ್ತಿಲ್ಲ, ಕಂಪನಿಗೆ ಗೊತ್ತಿಲ್ಲ, ಉಳಿದುಕೊಂಡ ಅವನಿಗೂ ಗೊತ್ತಿಲ್ಲ. ಅವನು ಎಂದಿನಂತೆ ಎದ್ದು ಚಹಾ ಕುಡಿದು, "ನನಗೇನೂ ತ್ರಾಸಿಲ್ಲ, ಈ ಮಾತ್ರೆ ಯಾಕೆ?" ಎಂದು ಕೇಳುತ್ತಿರುತ್ತಾನೆ. ಕಾಯಿಲೆ ಇನ್ನೂ ಬಾರದ, ಬರೀ ಬಿಪಿ ಇರುವ ನಮ್ಮ-ನಿಮ್ಮಂಥವರಲ್ಲಿ 39ರ ಜಾಗದಲ್ಲಿ ಇನ್ನೂ ದೊಡ್ಡ ಸಂಖ್ಯೆ ಬರುತ್ತದೆ. ಲಂಡನ್ನಿನ ಜೆಫ್ರಿ ರೋಸ್ ಎಂಬ ವೈದ್ಯ 1981ರಲ್ಲೇ ಇದಕ್ಕೆ ತಡೆಗಟ್ಟುವಿಕೆಯ ವಿರೋಧಾಭಾಸ ಎಂದು ಹೆಸರಿಟ್ಟರು. ಇಡೀ ಸಮುದಾಯಕ್ಕೆ ಬಹಳ ಒಳಿತು ಮಾಡುವ ಕ್ರಮ ಅದರಲ್ಲಿ ಪಾಲ್ಗೊಂಡ ಒಬ್ಬೊಬ್ಬನಿಗೂ ಕೊಡುವುದು ಅತಿ ಕಡಿಮೆ.

ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ ಈ ಮಾತು ಹೊಸದಾಗಬೇಕಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ನುಂಗಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್‌ನಲ್ಲಿ, ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ಒಂದು ಹುಣಸೆಮರವಿದೆ. ಆ ದಿನ ಅದನ್ನು ಹತ್ತಿ ಕೂತ ಸುಮಾರು 150 ಜನ ಬದುಕಿಕೊಂಡರು. ಇಂದಿಗೂ ಪ್ರವಾಹದ ದಿನ ಜನ ಅದರ ಕೆಳಗೆ ಸೇರಿ ನೆನೆಯುತ್ತಾರೆ. ಪ್ರವಾಹದ ಮಾರನೇ ವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೋಗುವ ಮುನ್ನ ಅವರು ಇಲ್ಲಿ ಕೊಟ್ಟ ಸಲಹೆ, ನದಿಯನ್ನು ಊರೊಳಗೆ ತಡೆಯುವುದಲ್ಲ, ಊರಿಗೆ ಬರುವ ಮೊದಲೇ ನೀರನ್ನು ಹಿಡಿದಿಡುವುದು. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ಹುಣಸೆಮರ ಹತ್ತಿದ ಪ್ರತಿಯೊಬ್ಬನಿಗೂ ತನ್ನನ್ನು ಉಳಿಸಿದ್ದು ಯಾವ ಕೊಂಬೆ ಎಂದು ಗೊತ್ತಿತ್ತು. ಗಂಡಿಪೇಟೆಯಿಂದ ಉಳಿದವನಿಗೆ ತಾನು ಉಳಿದೆ ಎಂಬುದೇ ಗೊತ್ತಿಲ್ಲ. ನೂರು ವರ್ಷದಲ್ಲಿ ಬಾರದೆ ಹೋದ ನೆರೆಗಳಲ್ಲಿ ಯಾರ ಮುತ್ತಾತ ಕೊಚ್ಚಿಹೋಗಬೇಕಿತ್ತು ಎಂದು ಯಾರು ಹೇಳಬಲ್ಲರು? ಮರಕ್ಕೆ ಕೈಮುಗಿಯುತ್ತೇವೆ, ಕೆರೆಯ ದಂಡೆಗೆ ಭಾನುವಾರ ಜೋಳದ ತೆನೆ ತಿನ್ನಲು ಹೋಗುತ್ತೇವೆ.

ಸ್ಟೆಂಟ್ ಹಾಕಿ ಜೀವ ಉಳಿಸಿದ ಡಾಕ್ಟರ್ ಹುಣಸೆಮರ. ಅವರ ಹೆಸರು ಮನೆಮಂದಿಗೆಲ್ಲ ನೆನಪಿರುತ್ತದೆ. ದಿನದ ಬಿಪಿ ಮಾತ್ರೆ ಗಂಡಿಪೇಟೆ. ನಮ್ಮ ಉದ್ಯೋಗದಲ್ಲೂ ಹೀಗೇ. ರಾತ್ರಿ ಎರಡಕ್ಕೆ ಬಿದ್ದ ಸರ್ವರ್ ಎಬ್ಬಿಸಿದವನಿಗೆ ಪ್ರಶಸ್ತಿ, ಬೀಳದಂತೆ ನೋಡಿಕೊಂಡವನಿಗೆ "ನೀನೇನು ಮಾಡುತ್ತೀ?" ಎಂಬ ಪ್ರಶ್ನೆ. 2000ದ ಜನವರಿ 1ರಂದು ಜಗತ್ತಿನ ಕಂಪ್ಯೂಟರುಗಳು ಕೆಡಲಿಲ್ಲ. ವರ್ಷಗಟ್ಟಲೆ ಕೂತು ದಿನಾಂಕ ತಿದ್ದಿದವರಿಗೆ ಸಿಕ್ಕ ಬಹುಮಾನ, ಅದೆಲ್ಲ ಸುಳ್ಳು ಗುಲ್ಲು ಎಂಬ ಮಾತು.

ಕಾಕಾನಿಗೆ ನಾನು ಹೇಳಿದ್ದೂ ಇದನ್ನೇ, ಗಂಡಿಪೇಟೆಯ ಬದಲು ಅವರ ಊರಿನ ಕೆರೆ ಇಟ್ಟುಕೊಂಡು. ಮಳೆಗಾಲಕ್ಕೆ ಮುಂಚೆ ಮನೆಗೊಂದು ಆಳು ಹೋಗಿ ಒಡ್ಡಿಗೆ ಮಣ್ಣು ಹಾಕುತ್ತಿದ್ದರಲ್ಲ, ಒಡ್ಡು ಒಡೆದಿದ್ದರೆ ಯಾರ ಮನೆ ಹೋಗುತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಆದರೂ ಎಲ್ಲರೂ ಹಾಕುತ್ತಿದ್ದರು ಎಂದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಗೊತ್ತಿತ್ತಲ್ಲೋ ತಮ್ಮಾ. ತೆಳಗ ಇದ್ದವರ ಮನಿ ಹೋಗ್ತಿತ್ತು."

ನನ್ನ ಹೋಲಿಕೆಯಲ್ಲಿ ಇಲ್ಲದ ಸಂಗತಿ ಈ ಮಾತಿನಲ್ಲಿತ್ತು. ಯಾರಿಗೆ ಅಪಾಯ ಎಂಬುದು ಪೂರ್ತಿ ಅದೃಷ್ಟದ ಆಟವಲ್ಲ. ಊರಿನ ಇಳಿಜಾರಿನಲ್ಲಿ ಯಾರ ಮನೆ ಎಲ್ಲಿದೆ ಎಂಬುದು ಮಳೆಗಿಂತ ಮೊದಲೇ ತೀರ್ಮಾನವಾಗಿರುತ್ತದೆ.

ಹೃದಯದ ಮಟ್ಟಿಗೆ ಈ ಇಳಿಜಾರು ಎಷ್ಟು ಹಿಂದಿನಿಂದ ಶುರುವಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಪುರಾವೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಸಂಶೋಧಕರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಸುತ್ತಮುತ್ತಲೇ ಬಾಳುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಬಸುರಿಯಾಗಿದ್ದಾಗ ತಾಯಿಯ ತೂಕವೂ ಕಡಿಮೆ ಇದ್ದವರಲ್ಲಿ ಕಾಯಿಲೆ ಎಲ್ಲರಿಗಿಂತ ಹೆಚ್ಚು.

ಇದನ್ನು ಓದಿದ ಮೇಲೆ ನಮ್ಮ ಎರಡು ಗಾದೆಗಳು ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ಒಂದು, ಊಟ ಬಲ್ಲವನಿಗೆ ರೋಗವಿಲ್ಲ. ಇನ್ನೊಂದು, ಮಾಡಿದ್ದುಣ್ಣೋ ಮಹರಾಯ. ಹೃದಯದ ಕಾಯಿಲೆ ಬಂದ ಮನೆಗೆ ನೋಡಲು ಹೋದವರು ಸಾಮಾನ್ಯವಾಗಿ ಈ ಎರಡನ್ನೂ ಬೇರೆ ಬೇರೆ ಮಾತಿನಲ್ಲಿ ಹೇಳಿ ಬರುತ್ತಾರೆ. "ಸಿಹಿ ಬಿಡಲಿಲ್ಲ ನೋಡಿ." "ವಾಕಿಂಗ್ ಹೋಗಿ ಅಂದರೆ ಕೇಳಲಿಲ್ಲ." ಊಟ, ನಡಿಗೆ, ಬೀಡಿ-ಸಿಗರೇಟು, ಇವೆಲ್ಲ ಮುಖ್ಯವೇ, ಅದರಲ್ಲಿ ಸಂಶಯವಿಲ್ಲ. ಆದರೆ ಬರಗಾಲದಲ್ಲಿ ಅರೆಹೊಟ್ಟೆ ಉಂಡು ಮಗುವನ್ನು ಹೊತ್ತ ತಾಯಿ ಯಾವ ಊಟವನ್ನು ಬಲ್ಲವಳಾಗಿರಬೇಕಿತ್ತು? ಅವಳ ಹಸಿವನ್ನು ಅರವತ್ತು ವರ್ಷದ ಬಳಿಕ ಅವಳ ಮಗನ ಹೃದಯ ತೀರಿಸುತ್ತಿದ್ದರೆ, ಮಾಡಿದ್ದು ಯಾರು, ಉಣ್ಣುತ್ತಿರುವುದು ಯಾರು?

ನಮ್ಮ ಪೀಳಿಗೆಗೂ ತನ್ನದೇ ಇಳಿಜಾರಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನ 345 ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ 84 ಜನರ ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಅದು ನೆರೆಮನೆ. ನೂರರಲ್ಲಿ ಹತ್ತು ಜನರಿಗಾದರೆ ಅವರ ನಡತೆಯ ಬಗ್ಗೆ ಮಾತಾಡಬಹುದು. ಎಂಬತ್ತನಾಲ್ಕು ಜನರಿಗಾದರೆ ಅವರು ಕೂತ ಕುರ್ಚಿಯ, ದುಡಿಯುವ ಹೊತ್ತಿನ, ಅಮೆರಿಕದ ಹಗಲಿಗೆ ಹೊಂದಿಸಿದ ನಮ್ಮ ರಾತ್ರಿಗಳ ಬಗ್ಗೆ ಮಾತಾಡಬೇಕು.

ಹಾಗೆಂದು ಮಾತ್ರೆಯ ಪರವಾಗಿ ಹೇಳುವ ಎಲ್ಲವನ್ನೂ ಒಪ್ಪಬೇಕಿಲ್ಲ. "ಇದೆಲ್ಲ ಕಂಪನಿಗಳ ಆಟ, ಆರೋಗ್ಯವಂತರನ್ನು ರೋಗಿ ಮಾಡುವುದು" ಎನ್ನುವ ಗೆಳೆಯರು ನನಗೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2017ರಲ್ಲಿ ಅಮೆರಿಕದ ಹೃದಯತಜ್ಞರ ಸಂಘಗಳು ಬಿಪಿಯ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದಾಗ ರಾತ್ರಿ ಆರೋಗ್ಯವಂತರಾಗಿ ಮಲಗಿದ ಕೋಟ್ಯಂತರ ಜನ ಬೆಳಗ್ಗೆ ರೋಗಿಗಳಾಗಿ ಎದ್ದರು. ದೇಹ ಬದಲಾಗಿರಲಿಲ್ಲ, ಗೆರೆ ಬದಲಾಗಿತ್ತು. ಗೆರೆ ಎಳೆಯುವಾಗ ವಿಜ್ಞಾನ ಮಾತ್ರವಲ್ಲ, ಎಷ್ಟು ಅಪಾಯ ತಪ್ಪಿಸಲು ಎಷ್ಟು ಜನ ಎಷ್ಟು ತೊಂದರೆ ಹೊರಬೇಕು ಎಂಬ ತೀರ್ಪೂ ಅದರೊಳಗಿರುತ್ತದೆ. ಅದು ನೀತಿಯ ಪ್ರಶ್ನೆ. ಎಂಪಾಗ್ಲಿಫ್ಲೋಜಿನ್‌ಗೂ ಬೆಲೆಯಿದೆ. ಸಕ್ಕರೆ ಹೋಗುವ ದಾರಿಯಲ್ಲಿ ಸೋಂಕು ಕೆಲವರಿಗೆ ಕಾಟ ಕೊಡುತ್ತದೆ.

ಆದ್ದರಿಂದಲೇ ಸಂಖ್ಯೆಯನ್ನು ಮುಚ್ಚಿಡಬಾರದು ಎನ್ನುವುದು. "ಇದು ನುಂಗಿದರೆ ಏನೂ ಆಗುವುದಿಲ್ಲ" ಎಂಬ ಪ್ರೀತಿಯ ಸುಳ್ಳು ಎರಡು ಕೇಡು ಮಾಡುತ್ತದೆ. ನುಂಗಿದ ಮೇಲೂ ಏನಾದರೂ ಆದರೆ ಮಾತ್ರೆಯ ಮೇಲಿನ ನಂಬಿಕೆ ಊರಿಗೆ ಊರೇ ಕಳೆದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು, ಅರವತ್ತೈದು ವರ್ಷದ, ಹತ್ತು ಬರ ಕಂಡ ಮನುಷ್ಯನನ್ನು ನಾವು ಮಗು ಮಾಡುತ್ತೇವೆ. ಮಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಪ್ರತಿ ವರ್ಷ ತೊಗರಿ ಬಿತ್ತುವ ರೈತನಿಗೆ ಸಂಭವದ ಲೆಕ್ಕ ಅರ್ಥವಾಗುವುದಿಲ್ಲ ಎಂದುಕೊಳ್ಳುವುದು ಓದಿದವರ ಅಹಂಕಾರ. 39ರಲ್ಲಿ ಒಬ್ಬ ಎಂದು ಹೇಳಿ, ಕೇಳಿಸಿಕೊಂಡು ಬೇಡ ಎನ್ನುವ ಹಕ್ಕೂ ಅವರಿಗಿರಲಿ. 39ರಲ್ಲಿ ಒಂದಕ್ಕೆ ಹೂಂ ಎಂದವರು ಮುನ್ನೂರರಲ್ಲಿ ಒಂದಕ್ಕೆ ಬೇಡ ಎನ್ನಬಹುದು. ಅದು ಮೊಂಡುತನವಲ್ಲ.

ನನ್ನ ಹೋಲಿಕೆಯಲ್ಲಿ ಇನ್ನೊಂದು ಬಿರುಕಿದೆ, ಅದನ್ನೂ ನೋಡಬೇಕು. ಒಡ್ಡಿಗೆ ನಾನು ಹಾಕಿದ ಮಣ್ಣು ನಿಮ್ಮ ಮನೆಯನ್ನೂ ಕಾಯುತ್ತದೆ. ನಾನು ನುಂಗಿದ ಮಾತ್ರೆ ನನ್ನ ಹೊಟ್ಟೆಗೆ ಮಾತ್ರ ಹೋಗುತ್ತದೆ. ಹಾಗಾದರೆ ಇದರಲ್ಲಿ ಎಲ್ಲರದು ಎನ್ನುವಂಥದ್ದು ಏನಿದೆ? ಮಾತ್ರೆ ನನ್ನ ಅಂಗೈಗೆ ಬರುವ ತನಕದ ದಾರಿಯನ್ನು ಹಿಂದಕ್ಕೆ ನಡೆದರೆ ಗೊತ್ತಾಗುತ್ತದೆ.

ದಾರಿಯಲ್ಲಿ ಮೊದಲು ಸಿಗುವವರು ಆ 7,020 ಜನ. ಅವರಲ್ಲಿ ಮೂರನೇ ಒಂದು ಭಾಗ ಮೂರು ವರ್ಷ ನುಂಗಿದ್ದು ಹುಸಿ ಮಾತ್ರೆ. ಅವರಲ್ಲಿ ನೂರಕ್ಕೆ 8.3 ಜನ ಸತ್ತಿದ್ದರಿಂದಲೇ ಉಳಿದವರಲ್ಲಿ ಕಡಿಮೆ ಸತ್ತರೆಂದು ನಮಗೆ ಗೊತ್ತಾಯಿತು. ಆಮೇಲೆ ಗುರಿ ಮುಟ್ಟದ ಔಷಧಿಗಳು. ಹೈದರಾಬಾದಿನಲ್ಲೇ, ಒಂದು ಕಾಲಕ್ಕೆ ಸರ್ಕಾರಿ ಐಡಿಪಿಎಲ್‌ನಲ್ಲಿ ದುಡಿದ ಅಂಜಿ ರೆಡ್ಡಿಯವರು 1984ರಲ್ಲಿ ಕಟ್ಟಿದ ಡಾ. ರೆಡ್ಡೀಸ್ ಕಂಪನಿ, ರಾಗಗ್ಲಿಟಜಾರ್ ಎಂಬ ಮಧುಮೇಹದ ಹೊಸ ಔಷಧಿ ಕಂಡುಹಿಡಿದು ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್‌ಗೆ ಕೊಟ್ಟಿತ್ತು. ಭಾರತದ ಪ್ರಯೋಗಾಲಯದಿಂದ ಜಗತ್ತಿಗೆ ಹೊಸ ಔಷಧಿ ಎಂಬ ಕನಸು ಅದು. ಪರೀಕ್ಷೆಯಲ್ಲಿ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡದ್ದರಿಂದ 2002ರಲ್ಲಿ, ಮನುಷ್ಯರ ಮೇಲಿನ ಪ್ರಯೋಗ ನಡೆದಿದ್ದಾಗಲೇ, ನಿಲ್ಲಿಸಿದರು. ಆಗ ಅದನ್ನು ನುಂಗುತ್ತಿದ್ದ ಸ್ವಯಂಸೇವಕರಿಗೆ ಬಂದಿರಬಹುದಾದ ದಿಗಿಲೂ ಇವತ್ತಿನ ನಮ್ಮ ನಿಶ್ಚಿಂತೆಯ ಲೆಕ್ಕದಲ್ಲಿದೆ.

ಇನ್ನೂ ಹಿಂದೆ ಹೋದರೆ ಪಟಾನ್‌ಚೆರು. ಬೀದರ್, ಹುಮನಾಬಾದ್ ಕಡೆಯ ಬಸ್ಸು ಹಿಡಿದವರಿಗೆಲ್ಲ ಆ ಊರಿನ ಗಾಳಿಯ ಪರಿಚಯವಿದೆ. ಜಗತ್ತಿಗೆ ಅಗ್ಗದ ಔಷಧಿ ಕೊಡುವ ಕಾರ್ಖಾನೆಗಳ ತಾಣ. ಸ್ವೀಡನ್ನಿನ ಸಂಶೋಧಕರು 2007ರಲ್ಲಿ, ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆ ಸಂಸ್ಕರಿಸುವ ಅಲ್ಲಿನ ಘಟಕದಿಂದ ಹೊರಬರುವ ನೀರನ್ನು ಅಳೆದು ಪ್ರಕಟಿಸಿದರು. ಆಂಟಿಬಯೋಟಿಕ್ ಸಿಪ್ರೋಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು ಎಂಬುದು ಆಗ ಸುದ್ದಿಯಾಯಿತು. ಅದೇ ಪಟ್ಟಿಯಲ್ಲಿ ಬಿಪಿ ಮತ್ತು ಹೃದಯದ ಮಾತ್ರೆಗಳೂ ಇದ್ದವು: ಲೋಸಾರ್ಟಾನ್, ಮೆಟೊಪ್ರೊಲಾಲ್. ಲೋಸಾರ್ಟಾನ್ ಲೀಟರಿಗೆ ಸುಮಾರು 2.5 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ. ನಮ್ಮ ಮನೆಗೆ ಬರುವ 20 ಲೀಟರಿನ ಕ್ಯಾನಿನಷ್ಟು ಆ ನೀರಿನಲ್ಲಿ ನಮ್ಮ ಡಬ್ಬಿಯ 50 ಮಿಲಿಗ್ರಾಮಿನ ಒಂದಿಡೀ ಮಾತ್ರೆ ಕರಗಿತ್ತು. ಆ ನೀರು ಹಳ್ಳಕ್ಕೆ, ಹಳ್ಳದಿಂದ ಹೊಲಗಳ ಕಡೆಗೆ. ನಮ್ಮ ಹೃದಯ ಕಾಯುವ ಔಷಧಿ ಬೇಕೆಂದು ಕೇಳದವರ ಅಂಗಳದಲ್ಲಿ ಹರಿಯುತ್ತಿತ್ತು. ಅವರೂ ತೆಳಗ ಇದ್ದವರೇ.

ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಗಾದೆಗೆ ಇಂಥದ್ದೊಂದು ಅರ್ಥವೂ ಇರಬಹುದೆಂದು ನಾನು ಅಂದುಕೊಂಡಿರಲಿಲ್ಲ. ನನ್ನ ಮಾತ್ರೆ ನನ್ನೊಬ್ಬನದಲ್ಲ. ಹೆಸರು ಗೊತ್ತಿಲ್ಲದ ಎಷ್ಟೋ ಜನ ಅದಕ್ಕೆ ಈಗಾಗಲೇ ಮಣ್ಣು ಹಾಕಿದ್ದಾರೆ. ಸರಿಯಾಗಿ ನುಂಗುವುದು ಅವರ ಋಣದಲ್ಲಿ ಒಂದು ಪಾಲು ಅಷ್ಟೇ. ಇನ್ನೊಂದು ಪಾಲು, ತೆಳಗ ಇದ್ದವರಿಗೂ ಅದು ಸಿಗುವಂತೆ ನೋಡುವುದು.

ಈ ವಿಷಯದಲ್ಲಿ ಒಳ್ಳೆಯ ಸುದ್ದಿಯೂ ಇದೆ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಭಾರತದಲ್ಲಿ ಮುಗಿಯಿತು. ಸುಮಾರು 60 ರೂಪಾಯಿಯಿದ್ದ ಮಾತ್ರೆ ಕೆಲವು ಕಂಪನಿಗಳಲ್ಲಿ 10 ರೂಪಾಯಿಗಿಂತ ಕೆಳಗೆ ಬಂತು. ದಿನಕ್ಕೆ 60 ರೂಪಾಯಿ ಎಂದರೆ ವರ್ಷಕ್ಕೆ ಸುಮಾರು 22 ಸಾವಿರ. ಅದನ್ನು ನಿಲ್ಲಿಸಿದ ರೈತನನ್ನು ಅಶಿಸ್ತಿನವನೆಂದು ಬೈಯುವ ಮೊದಲು ಅವನ ತೊಗರಿಯ ಲೆಕ್ಕ ಕೇಳಬೇಕಿತ್ತು. 2017ರಲ್ಲಿ ಶುರುವಾದ ಬಿಪಿ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದ ಮೊದಲ ಐದು ರಾಜ್ಯಗಳಲ್ಲಿ ತೆಲಂಗಾಣವೂ ಒಂದು. ಅದರ ತಿರುಳು ಬಹಳ ಸರಳ: ಕೆಲವೇ ಮಾತ್ರೆ, ಎಲ್ಲ ಕಡೆ ಒಂದೇ ಕ್ರಮ, ಮನೆಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ದಾಸ್ತಾನು. ಇದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. 2007ರಲ್ಲಿ ಆಂಧ್ರದಲ್ಲಿ ಶುರುವಾದ ಆರೋಗ್ಯಶ್ರೀಯಂಥ ಯೋಜನೆಗಳು ಬಡವರ ಹೃದಯದ ಆಪರೇಷನ್ನಿಗೆ ಹಣ ಕೊಟ್ಟು ಮನೆಮಾತಾದವು, ಆಗಬೇಕಾದದ್ದೇ. ನೆರೆ ಬಂದಾಗ ಹುಣಸೆಮರ ಬೇಕೇ ಬೇಕು. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಈ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ, ವಯಸ್ಕರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬಿಪಿ ಇದೆ. ಅಷ್ಟು ಜನರನ್ನು ಹೊರುವ ಮರ ಎಲ್ಲೂ ಇಲ್ಲ.

ಕಾಕಾ ಈಗ ಮಾತ್ರೆ ನುಂಗುತ್ತಿದ್ದಾರೆ. ನನ್ನ ವಾದಕ್ಕೆ ಸೋತೋ, ಬೆಲೆ ಇಳಿದದ್ದಕ್ಕೋ, ಕಾಕಿಯ ಕಾಟಕ್ಕೋ ನಾನು ಕೇಳಿಲ್ಲ. ನುಂಗಿದ್ದರಿಂದ ಅವರಿಗೆ ಒಳ್ಳೆಯದಾಯಿತೇ ಎಂಬುದು ಅವರಿಗಾಗಲಿ ನನಗಾಗಲಿ ಎಂದೂ ಗೊತ್ತಾಗುವುದಿಲ್ಲ.

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ನಾವು ಮಾಡಬಹುದಾದ ಕೆಲಸ ಸಣ್ಣದು. ಹಿರಿಯರಿಗೆ ಸಿಹಿ ಬಿಡಿ ಎಂದು ಉಪದೇಶ ಮಾಡುವ ಮುನ್ನ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ, ಶುಗರ್ ಮಾತ್ರೆ ಈ ತಿಂಗಳು ಬಂದಿದೆಯೇ, ಎಷ್ಟು ದಿನಕ್ಕೆ ಕೊಡುತ್ತಾರೆ, ಹೋದ ತಿಂಗಳು ಖಾಲಿಯಾಗಿತ್ತೇ ಎಂದು ಕೇಳುವುದು. ಇಲ್ಲ ಎಂದರೆ ಯಾಕೆ ಇಲ್ಲ ಎಂದು ತಾಲೂಕಿಗೆ ಒಂದು ಅರ್ಜಿ ಬರೆಯುವುದು. ನಮಗೆ ಮೇಲ್ ಬರೆದು, ಮತ್ತೆ ನೆನಪಿಸಿ, ಮತ್ತೆ ಬರೆಯುವ ಅಭ್ಯಾಸ ಹೇಗೂ ಚೆನ್ನಾಗಿದೆ.